ಓದಿಲ್ಲವೆಂದು ಗುರುತು ಹಾಕಿದ ಮೇಲ್

ರಾಯಚೂರು,
೧೮ ನವೆಂಬರ್ ೨೦೨೪

ಪ್ರೀತಿಯ ತಹಮೀನಾ,

ನೀನು, ಪುಟ್ಟ ಮಿನಾಜ್, ನಿಮ್ಮ ಅತ್ತೆ ಎಲ್ಲರೂ ಆರಾಮವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ನಾಲ್ಕು ಫೋನಿಗೂ ಉತ್ತರಿಸಲಿಲ್ಲ, ತಪ್ಪಾಯಿತು. ದಿನವಿಡೀ ಬೇರೆಯವರ ಹೆಸರಿನಲ್ಲಿ ಪತ್ರ ಟೈಪು ಮಾಡುವವಳು ನಾನು. ನನ್ನದೊಂದು ಬರೆಯಲು ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿಯಬೇಕಾಯಿತು. ಫೋನಿನಲ್ಲಾದರೆ ಅರ್ಧ ಹೇಳಿ ಮಾತು ಬದಲಿಸಿಬಿಡುತ್ತೇನೆ, ಅದಕ್ಕೆ.

ಅವ್ವನ ಕಾಲಿನ ಪ್ಲಾಸ್ಟರ್ ಬಿಚ್ಚಿದ್ದಾರೆ. ದೇವದುರ್ಗದ ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಾಳೆ. "ಆ ಮಾನ್ವಿ ಹುಡುಗಿ ಇರ್ಲಿಲ್ಲಂದ್ರ ನನ್ನ ಮಗಳ ಕೆಲಸಾನೂ ಹೋಗ್ತಿತ್ತು" ಎಂದು ಬಂದವರಿಗೆಲ್ಲ ನಿನ್ನ ಗುಣಗಾನ. ಕೇಳಿ ಕೇಳಿ ಸಾಕಾಗಿದೆ, ತಹಮೀನಾ.

ದಸರಾ ರಜೆಯಲ್ಲಿ ಅವ್ವ ಬಿದ್ದು ನಾನು ದೇವದುರ್ಗಕ್ಕೆ ಓಡಬೇಕಾದಾಗ ನೀನು "ಗಾಬರಿ ಆಗಬ್ಯಾಡ, ನಾ ನೋಡ್ಕೊಂತೀನಿ" ಎಂದು ನನ್ನ ಮಗಳು ಮಲ್ಲಿಕಾಳನ್ನೂ ಹೈದರಾಬಾದಿನ ಹಲ್ಲಿನ ಡಾಕ್ಟರಮ್ಮನ ಕೆಲಸವನ್ನೂ ಹದಿನೈದು ದಿನ ವಹಿಸಿಕೊಂಡೆ. ಮನೆಯಲ್ಲೇ ಕುಳಿತು ಎಲ್ಲೋ ಇರುವವರ ಅಪಾಯಿಂಟ್‌ಮೆಂಟು, ಟಿಕೆಟ್ಟು, ಮೇಲ್ ನೋಡಿಕೊಳ್ಳುವ ಈ ವರ್ಚುವಲ್ ಅಸಿಸ್ಟೆಂಟ್ ಕೆಲಸವನ್ನು ನಿನಗೆ ಕಲಿಸಿದವಳು ನಾನು. ಆದರೆ ನನ್ನ ರೀತಿ ನಿನಗೆ ಗೊತ್ತಲ್ಲ. ಡಾಕ್ಟರಮ್ಮ, ಪುಣೆಯ ಸೀರೆಯವಳು, ದುಬೈಯ ಟ್ರಾವೆಲ್ಸಿನವನು, ಮೂವರ ಕೆಲಸವನ್ನೂ ಒಟ್ಟಿಗೆ ತೆರೆದಿಟ್ಟುಕೊಂಡು ಯಾರು ಕರೆದರೂ ಓಡುವುದು. ಹಲ್ಲು ಕೀಳಿಸಬೇಕಾದ ಮುದುಕರೊಬ್ಬರಿಗೆ "ನಿಮ್ಮ ಇಳಕಲ್ ಸೀರೆ ನಾಳೆ ತಲುಪುತ್ತದೆ" ಎಂದು ಕಳಿಸಿದವಳು ನಾನು.

ನೀನೋ, ಒಂಬತ್ತರಿಂದ ಹನ್ನೊಂದು ಒಬ್ಬರಿಗೆ, ಆಮೇಲೆ ಎರಡು ಗಂಟೆ ಇನ್ನೊಬ್ಬರಿಗೆ. ಸಂಜೆ ನಾಲ್ಕರಿಂದ ಐದು ಫೋನು ಕಪಾಟಿನೊಳಗೆ, ನೀನು ಮಕ್ಕಳೊಳಗೊಬ್ಬಳು. "ಉಳಿದವರು ಸಿಟ್ಟಾಗಂಗಿಲ್ಲೇನು?" ಎಂದು ನಾನು ಕೇಳಿದ್ದಕ್ಕೆ ನಿನ್ನ ಉತ್ತರ: "ಎಷ್ಟೊತ್ತಿಗಿ ಜವಾಬು ಕೊಡ್ತೀನಂತ ಮೊದ್ಲ ಹೇಳಿರ್ತೀನಿ. ಹೇಳಿದ ಟೈಮಿಗಿ ಕೊಟ್ರ ಯಾಕ ಸಿಟ್ಟಾಗ್ತಾರ?"

ಹದಿನೈದು ದಿನವಾದ ಮೇಲೆ ಡಾಕ್ಟರಮ್ಮ ಬರೆದರು, ತಹಮೀನಾ ಅವರೇ ಮುಂದುವರಿಯಲಿ ಎಂದು. ನೀನು ಆ ಕ್ಷಣವೇ ಫೋನು ಮಾಡಿ "ಅದು ನಿನ್ನ ಕೆಲಸ, ನಾ ಒಲ್ಲೆ" ಎಂದೆ. ನಾನು "ಮಾಡು, ನನಗೇನು ಬ್ಯಾಸರಿಲ್ಲ" ಎಂದೆ. ಅದು ಸುಳ್ಳು. ಅವರ ಪಾಸ್‌ವರ್ಡ್ ಇನ್ನೂ ನನ್ನ ಬಳಿ ಇತ್ತು. ದಿನವೂ ಒಳಹೊಕ್ಕು ನಿನ್ನ ತಪ್ಪು ಹುಡುಕಿದೆ. ಒಂದೂ ಸಿಗಲಿಲ್ಲ. ಒಬ್ಬ ರೋಗಿಯ ಹೆಸರಿನ ಮುಂದೆ ನೀನು "ಸೂಜಿಗೆ ಹೆದರುತ್ತಾರೆ, ಮೊದಲು ಮಾತಾಡಿಸಿ" ಎಂದು ಬರೆದಿದ್ದೆ. ಎರಡು ವರ್ಷ ಆ ಕೆಲಸ ಮಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಹೊಟ್ಟೆ ಉರಿಯಿತು.

ಕಳೆದ ಬುಧವಾರ ಡಾಕ್ಟರಮ್ಮನ ಮೇಲ್ ಹಳೆಯ ರೂಢಿಯಲ್ಲಿ ನನ್ನ ವಿಳಾಸಕ್ಕೆ ಬಂತು. "ನಾಳೆ ಮಧ್ಯಾಹ್ನ ನಾನು ಊರಲ್ಲಿರುವುದಿಲ್ಲ. ಎಲ್ಲರಿಗೂ ಬೇರೆ ದಿನ ಕೊಡಿ." ನಿನಗೆ ಕಳಿಸಲು ನಿನ್ನ ಹೆಸರು ಟೈಪು ಮಾಡಿದೆ. ಅಳಿಸಿದೆ. ಮೇಲ್ ಓದಿಯೇ ಇಲ್ಲವೆಂದು ಗುರುತು ಹಾಕಿ, ಎದ್ದುಹೋಗಿ ರೊಟ್ಟಿ ಬಡಿದೆ.

ಗುರುವಾರ ಮುಚ್ಚಿದ ಬಾಗಿಲಿನ ಮುಂದೆ ಆರು ಜನ ಕುಳಿತಿದ್ದರಂತೆ. ಕೆನ್ನೆ ಬಾತ ಹೆಂಗಸೊಬ್ಬಳು ಮೂರು ತಾಸು ಬಸ್ಸಿನಲ್ಲಿ ಬಂದಿದ್ದಳಂತೆ. ಬೈಸಿಕೊಂಡವಳು ನೀನು. ಅತ್ತುಕೊಂಡು ಫೋನು ಮಾಡಿದ್ದೂ ನನಗೇ. "ಮಂಜುಳಾ, ನಾನ ಎಲ್ಲೋ ನೋಡಿಲ್ಲ. ಇನ್ನ ಮ್ಯಾಲ ಫೋನ್ ಕಪಾಟಿನ್ಯಾಗ ಇಡಂಗಿಲ್ಲ." ನಾನು "ಆಗ್ತಾವ ಬಿಡು" ಎಂದು ಸಮಾಧಾನ ಹೇಳಿದೆ. ಒಳಗೆ ತಣ್ಣಗಾಯಿತು, ಹೌದು. ಅಷ್ಟರಲ್ಲಿ ಹಿಂದಿನಿಂದ ಮಿನಾಜ್ ಕರೆದಳು. ನೀನು "ತಡಿ ಬೇಟಾ, ಫೋನ್ ಬರ್ತದ" ಎಂದೆ. ಅದು ನನ್ನ ಮನೆಯ ಮಾತು, ಮಲ್ಲಿಕಾ ಕರೆದಾಗಲೆಲ್ಲ ನಾನು ಹೇಳುವುದು. ನಿನ್ನ ಮನೆಗೆ ಅದನ್ನು ಒಯ್ದು ಇಟ್ಟವಳು ನಾನು ಅನ್ನಿಸಿತು. ಆಮೇಲೆ ನೀನು ಮಾಡಿದ ನಾಲ್ಕು ಫೋನನ್ನೂ ಎತ್ತಲು ಧೈರ್ಯವಾಗಲಿಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮನಿಗೆ ಎಲ್ಲವನ್ನೂ ಬರೆದೆ. ಒಂದು ಗಂಟೆಯೊಳಗೆ ಉತ್ತರ ಬಂತು: "ತಹಮೀನಾ ಅವರ ಕ್ಷಮೆ ನಾನೇ ಕೇಳುತ್ತೇನೆ. ನಿಮ್ಮ ಪಾಸ್‌ವರ್ಡ್ ರದ್ದು ಮಾಡಿದ್ದೇನೆ." ಎರಡೂ ಸರಿಯೇ. ನಿನ್ನಲ್ಲಿ ತಪ್ಪಿಲ್ಲ. ನಾಲ್ಕು ಗಂಟೆಗೆ ಫೋನನ್ನು ಮತ್ತೆ ಕಪಾಟಿನಲ್ಲಿಡು. ನನ್ನೊಡನೆ ಮಾತು ಬಿಟ್ಟರೂ ಅದನ್ನು ಬಿಡಬೇಡ.

ಅತ್ತೆಯವರಿಗೆ ಸಲಾಂ, ಮಿನಾಜಳಿಗೆ ಮುತ್ತು. ನಿನ್ನ ಕೈಗೆ ಇನ್ನೂ ನಾಲ್ಕು ಕೆಲಸ ಬರಲಿ. ಇಷ್ಟು ಬರೆಯುವಾಗ ಪೆನ್ನು ಒಮ್ಮೆ ನಿಂತಿತು, ಆದರೂ ಬರೆದಿದ್ದೇನೆ.

ನಿನ್ನ,
ಮಂಜುಳಾ

ಮರೆಮಾಚಿದ್ದ ಮಾತು: ಡಾಕ್ಟರಮ್ಮನ ಕೆಲಸ ಕೈತಪ್ಪಿದ್ದಕ್ಕೇ ಇಷ್ಟು ಉರಿದೆನೆಂದು ತಿಳಿಯಬೇಡ. ರಜೆ ಮುಗಿದು ಮಲ್ಲಿಕಾಳನ್ನು ಕರೆದೊಯ್ಯಲು ನಾನು ಮಾನ್ವಿಗೆ ಬಂದ ದಿನ ಅವಳು ನಿನ್ನ ಬೆನ್ನ ಹಿಂದೆ ಹೋಗಿ ನಿಂತಳು. ನೀನು ನಗುತ್ತ ಮುಂದೆ ತಳ್ಳಿದೆ, ನಾನೂ ನಕ್ಕೆ. ಈಗ ಪ್ರತಿ ಶನಿವಾರ "ಯವ್ವಾ, ಮಾನ್ವಿಗಿ ಹೋಗೋಣೇನು?" ಎನ್ನುತ್ತಾಳೆ. "ಬಸ್ಸಿಲ್ಲ" ಎನ್ನುತ್ತೇನೆ. ನಮ್ಮ ಮನೆ ಬಸ್ ನಿಲ್ದಾಣದ ಹಿಂದೆಯೇ ಇದೆ. ಕಂಡಕ್ಟರು "ಮಾನ್ವಿ, ಮಾನ್ವಿ" ಎಂದು ಕೂಗುವುದು ನಮ್ಮಿಬ್ಬರಿಗೂ ಕೇಳಿಸುತ್ತದೆ. ಒಮ್ಮೆಯೂ ಅವಳು ನನ್ನನ್ನು ಸುಳ್ಳಿ ಎಂದಿಲ್ಲ.