ಎರಡನೆಯ ಮಂಚ

ಕೊಪ್ಪ,
೨೦ ಮೇ ೨೦೨೪

ಪ್ರಿಯ ಮಹೇಶ್ವರ,

ನೀನೂ, ನಿನ್ನ ತಮ್ಮನ ಮಗಳು ಡಾಕ್ಟರ್ ಅರ್ಪಣಾಳೂ, ಜೊತೆಗಿರುವ ಯಜ್ಞೇಶನೂ ಆ ಗಾಳಿಯಲ್ಲಿ ಹಾರಿಹೋಗದೆ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಂಡಿಯೂ ಚೆನ್ನಾಗಿದೆ, ನೀನು ಕೇಳದಿದ್ದರೂ ಹೇಳುತ್ತಿದ್ದೇನೆ.

ಉತ್ತರ ತಡವಾಯಿತು, ಎಕ್ಸ್‌ಕ್ಯೂಸ್ ಮಿ ಫಾರ್ ದಿ ಡಿಲೇ. ಪುರುಸೊತ್ತಿಲ್ಲದೆ ಅಲ್ಲ. ಎರಡು ಸಲ ಬರೆದು ಹರಿದು ಹಾಕಿದೆ. ಒಂದರಲ್ಲಿ ಬೈಗುಳ ಜಾಸ್ತಿಯಾಗಿತ್ತು, ಇನ್ನೊಂದರಲ್ಲಿ ಹೊಗಳಿಕೆ. ಸ್ಕಾಟ್ಲೆಂಡಿನ ಆ ನಿನ್ನ ದ್ವೀಪದ ಹೆಸರನ್ನು ನಾಲ್ಕು ಸಲ ಓದಿದೆ, ನಾಲ್ಕು ಸಲವೂ ಬೇರೆ ಬೇರೆ ರೀತಿ ಬಂತು. ಈ ಲಕೋಟೆಯ ಮೇಲೆ ಅದನ್ನು ನಿನ್ನ ಅಕ್ಷರ ನೋಡಿ ಚಿತ್ರದ ಹಾಗೆ ಬಿಡಿಸಿದ್ದೇನೆ. ಈ ಕಾಗದ ಅಲ್ಲಿಗೆ ಮೊದಲು ಮುಟ್ಟುತ್ತದೋ, ನೀನೇ ಮೊದಲು ಇಲ್ಲಿಗೆ ಮುಟ್ಟುತ್ತೀಯೋ ದೇವರೇ ಬಲ್ಲ.

ನೀನು ನೋಡಿದ್ದು ಮಾಡಿದ್ದೆಲ್ಲವನ್ನೂ ಚಿಕ್ಕಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬಂಡೆಯ ಮೇಲೆ ಎಮ್ಮೆಕರುಗಳ ಹಾಗೆ ಮಲಗಿರುವ ಸೀಲ್‌ಗಳು. ಕೊಕ್ಕಿಗೆ ಬಣ್ಣ ಬಳಿದುಕೊಂಡು ನೆಲದ ಬಿಲದಲ್ಲಿ ಸಂಸಾರ ಮಾಡುವ ಹಕ್ಕಿ. ನೆಲವನ್ನೇ ಇಟ್ಟಿಗೆಯ ಹಾಗೆ ಕಡಿದು, ಒಣಗಿಸಿ ಒಲೆಗೆ ಹಾಕುವುದು. ಬಯಲಿನಲ್ಲಿ ನೆಟ್ಟಿರುವ, ಯಾರು ನೆಟ್ಟರೆಂದು ಯಾರಿಗೂ ಗೊತ್ತಿಲ್ಲದ ಕಲ್ಲುಗಳು. ಅಕ್ಕ ಎಲ್ಲ ಕೇಳಿ, "ಅಷ್ಟು ದೂರ ಹೋಗಿ ಕಲ್ಲು ನೋಡೋದ? ನಮ್ಮ ಗದ್ದೆ ಬದೀಲಿ ವೀರಗಲ್ಲು ಬಿದ್ಕೊಂಡಿದೆ, ಅದನ್ನ ಎತ್ತಿ ನಿಲ್ಸಿದವ್ರಿಲ್ಲ" ಎಂದಳು. ಕಿರಿದಾದ ರಸ್ತೆಯಲ್ಲಿ ಎದುರಿನ ಕಾರಿನವರು ಕೈಯೆತ್ತಿ ದಾರಿ ಬಿಡುತ್ತಾರೆ ಎಂದು ಆಶ್ಚರ್ಯಪಟ್ಟಿದ್ದೀಯ. ಬಸರೀಕಟ್ಟೆಯ ಎಸ್ಟೇಟ್ ಜೀಪಿನವರು ಇನ್ನೇನು ಮಾಡುತ್ತಾರೆ ಮಾರಾಯ?

ರಾತ್ರಿ ಹತ್ತಾದರೂ ಬೆಳಕಿರುವುದರಿಂದ ಸಂಧ್ಯಾವಂದನೆ ಎಷ್ಟು ಹೊತ್ತಿಗೆ ಮಾಡುವುದು ಎಂದು ಯಜ್ಞೇಶ ಕೇಳಿದನಂತೆ, ನೀನು ಹೊಟ್ಟೆ ಹಿಡಿದು ನಕ್ಕೆಯಂತೆ. ಇಲ್ಲಿದ್ದಾಗ ಅವನು ಅದನ್ನು ಮಾಡಿದ್ದನ್ನು ಕಂಡವರುಂಟೇ? ವಾಕಿಂಗ್‌ನಲ್ಲಿ ಅವನ ಪರಿಚಯವಾಗಿ ಎಷ್ಟು ಕಾಲವಾಯಿತು ನಿನಗೆ? ನಾನು ಕೆಟ್ಟದ್ದು ಹೇಳುತ್ತಿಲ್ಲ. ಒಳ್ಳೆಯ ಮನುಷ್ಯ, ಇಂಗ್ಲಿಷೂ ಚೆನ್ನಾಗಿದೆ. ಗೊರಕೆ ಹೇಗೆ?

ಇನ್ನೊಂದು ವಿಷಯ. ನೀನು ಕಳಿಸಿದ ಫೋಟೋದಲ್ಲಿ, ದೀಪಸ್ತಂಭದ ಮುಂದೆ, ಕಂದು ಬಣ್ಣದ ಮಫ್ಲರ್ ಯಜ್ಞೇಶನ ಕೊರಳಲ್ಲಿದೆ. ಅದು ನನ್ನ ಕುಸುಮಾ ಹೆಣೆದದ್ದು. ಅಲ್ಲಿ ಚಳಿ ಎಂದು ನಾನು ಕೊಟ್ಟದ್ದು ನಿನಗೆ. ಅವನಿಗೆ ಚಳಿಯಾದರೆ ಅಲ್ಲಿ ಕುರಿಗಳಿಗೇನು ಬರವೇ? ನೀನೇ ಬರೆದಿದ್ದೀಯಲ್ಲ, ಜನಕ್ಕಿಂತ ಕುರಿಯೇ ಜಾಸ್ತಿ ಎಂದು.

ಶಿವಮೊಗ್ಗದ ಹಾಸ್ಟೆಲಿನಲ್ಲಿ ನಮ್ಮ ಕೋಣೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು, ನೆನಪಿದೆಯೇ? ಸ್ಕಾಟ್ಲೆಂಡಿನ ಯಾವುದೋ ದ್ವೀಪ, ಒಂದು ಬಿಳಿ ಮನೆ. ವರ್ಷ ಮುಗಿದ ಮೇಲೂ ನಾವು ಅದನ್ನು ತೆಗೆಯಲಿಲ್ಲ. "ಆನ್ ಐಲೆಂಡ್ ಈಸ್ ಎ ಪೀಸ್ ಆಫ್ ಲ್ಯಾಂಡ್ ಸರೌಂಡೆಡ್ ಬೈ ವಾಟರ್" ಎಂದು ಇಬ್ಬರೂ ಪ್ರಬಂಧ ಬಾಯಿಪಾಠ ಮಾಡಿದ್ದು ಅದರ ಕೆಳಗೆ ಕುಳಿತೇ. "ಕೆಲ್ಸ ಸಿಕ್ಕಿದ ಮೇಲೆ ನಾವಿಬ್ರೂ ಹೋಗೋದೇ" ಎಂದವನು ನೀನು. ನಾನಲ್ಲ.

ಇರಲಿ. ನಿನ್ನ ಕಾಗದ ಓದಿ ನನಗೂ ಒಂದು ಹಾಲಿಡೇ ಮಾಡಬೇಕೆನಿಸಿತು. ಕಳೆದ ವಾರ ಅಕ್ಕನನ್ನು ಹೊರಡಿಸಿಕೊಂಡು ನರಸಿಂಹರಾಜಪುರದ ಹಿನ್ನೀರಿಗೆ ಹೋದೆ. ಬಸ್ಸು ಶೆಟ್ಟಿಕೊಪ್ಪದಲ್ಲಿ ನಿಂತಾಗ ನಾನು ಕಣ್ಣು ಮುಚ್ಚಿದೆ. ಅಕ್ಕ ಮೊಣಕೈಯಲ್ಲಿ ತಿವಿದಳು: "ನಿನ್ನ ಯಜ್ಞೇಶನ ಊರಲ್ವನ ಇದು? ಊರೆಂತ ಮಾಡಿತ್ತೋ ನಿಂಗೆ?"

ಭದ್ರೆ ಈ ಸಲ ತುಂಬಾ ಇಳಿದಿದ್ದಾಳೆ. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಗುಡ್ಡಕ್ಕೆ ಈಗ ಕೆಸರಿನ ದಾರಿ ಬಿದ್ದಿದೆ. ನೀವಿಬ್ಬರೂ ಸಮುದ್ರ ಹಿಂದೆ ಸರಿದಾಗ ಮರಳಿನ ಮೇಲೆ ನಡೆದು ಆಚೆಯ ಪುಟ್ಟ ದ್ವೀಪಕ್ಕೆ ಹೋಗಿಬಂದಿರಲ್ಲ, ನಾನೂ ಹಾಗೆಯೇ ಹೊರಟೆ. ಅರ್ಧ ದಾರಿಯಲ್ಲಿ ಮೊಣಕಾಲಿನವರೆಗೆ ಹೂತುಕೊಂಡೆ. ಒಂದು ಚಪ್ಪಲಿ ಭದ್ರೆಯ ಪಾಲಾಯಿತು. ಅಕ್ಕ ದಡದಲ್ಲಿ ಕೊಡೆ ಬಿಚ್ಚಿಕೊಂಡು ನಿಂತು, "ರಘೂ, ಸ್ಕಾಟ್ಲೆಂಡು ಬಂತನೋ?" ಎಂದು ಕೂಗಿದಳು. ಬಲೆ ಒಣಗಿಸುತ್ತಿದ್ದವರೆಲ್ಲ ನಕ್ಕರು. ಹಟದಿಂದ ಗುಡ್ಡ ಹತ್ತಿದೆ. ಮೂರು ಕಡೆ ನೀರು, ಒಂದು ಕಡೆ ಕೆಸರು. ಅಂಥ ನೆಲಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರಿತ್ತು, ಪ್ರಬಂಧದ ಎರಡನೇ ಪ್ಯಾರಾದಲ್ಲಿ. ಎಷ್ಟು ತಲೆ ಕೆರೆದುಕೊಂಡರೂ ಬರಲಿಲ್ಲ. ನೀನಿದ್ದಿದ್ದರೆ ನೀನೇ ಹೇಳಿಬಿಡುತ್ತಿದ್ದೆ. ಹಿನ್ನೀರಿನ ಮೇಲೆ ಬೆಳ್ಳಗೆ ಹಕ್ಕಿಗಳು ಹಾರುತ್ತಿದ್ದವು, ಚೆನ್ನಾಗಿತ್ತು. ಯಾರಿಗೆ ತೋರಿಸುವುದು? ಅಕ್ಕ ದಡದಲ್ಲಿ ಕುಳಿತು ಅವಲಕ್ಕಿಯ ಡಬ್ಬಿ ತೆಗೆದಾಗಿತ್ತು.

ನಿನ್ನ ಹೆಂಡತಿ ಅಂಬಿಕಾ ಆರಾಮಾಗಿದ್ದಾಳೆ. ಮೊನ್ನೆ ಅಪ್ಪೆಮಿಡಿ ಉಪ್ಪಿನಕಾಯಿ ತಂದುಕೊಟ್ಟು, "ಅವ್ರಿಗೆ ವಾಪಸ್ ಬರೋ ಅಂದಾಜೇ ಇಲ್ಲ ಅಂತ ಕಾಣ್ತು ರಘುಪತಣ್ಣ" ಎಂದಳು. ಬರುವ ವರ್ಷವೂ ಅರ್ಪಣಾ ಕರೆದಿದ್ದಾಳೆ, ಯಜ್ಞೇಶ ಈಗಲೇ ತಯಾರು ಎಂದು ನೀನು ಬರೆದ ಸಾಲನ್ನು ಅವಳಿಗೆ ಓದಿ ಹೇಳಲಿಲ್ಲ. ನಾನೇ ಎರಡು ಸಲ ಓದಿದೆ. ಅವನೇ ಹೋಗಲಿ. ನನಗೆ ಬರುವ ಮನಸ್ಸು ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ಅರ್ಪಣಾಳಿಗೆ ನನ್ನ ಆಶೀರ್ವಾದ ತಿಳಿಸು. ಆ ಮಗುವಿನ ಕೈಗುಣ ದೊಡ್ಡದಾಗಲಿ. ನಿನಗಿಂತ ಎರಡು ತಿಂಗಳಿಗೆ ದೊಡ್ಡವನಾದ್ದರಿಂದ ನಿನಗೂ ಇರಲಿ ಒಂದು. ಯಜ್ಞೇಶನಿಗೆ ನಮಸ್ಕಾರ.

ನಿನ್ನ,
ರಘುಪತಿ

ಮರೆತ ಮಾತು: ಮಾರ್ಚಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ನೀನು, "ಅರ್ಪಣಾನ ಮನೇಲಿ ನಮಗೆ ಎರಡು ಮಂಚ ಉಂಟು, ಬತ್ಯನ?" ಎಂದು ಕೇಳಿದೆ. ನಾನು, "ಏ ಬೇಡ ಮಾರಾಯ, ಮಂಡಿನೋವು" ಎಂದೆ. ನೀನು "ಹೌದನ, ಪಾಪ" ಎಂದು ಕಾಫಿ ಕುಡಿದೆ. ಅಷ್ಟೇ. ಮಹೇಶ, ನಮ್ಮ ಕಡೆ ಒಂದೇ ಮಾತಿಗೆ ಹೂಂ ಎನ್ನುವವರು ಯಾರಿದ್ದಾರೆ? ಪಂಕ್ತಿಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದವನಿಗೂ ಹೋಳಿಗೆ ಬೀಳುತ್ತದೆ. ಬೀಳುತ್ತದೆಂದೇ ಕೈ ಅಡ್ಡ ಹಿಡಿಯುವುದು. ಯಜ್ಞೇಶ ಮಾತ್ರ ಮೊದಲ ಮಾತಿಗೇ ಪಾಸ್‌ಪೋರ್ಟ್ ತೆಗೆದ.

ಕುಸುಮಾ ಇದ್ದಾಗ ಯಾರಾದರೂ ಕರೆಯಲು ಬಂದು, ನಾನು ಬೇಡ ಎಂದರೆ ಸಾಕು, ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಬತ್ತಾರೆ, ಬತ್ತಾರೆ, ಅವ್ರ ಮಾತು ಕೇಳ್ಬೇಡಿ." ಅವಳು ಹೋದ ಮೇಲೆ ನನ್ನ ಮಾತನ್ನು ಎಲ್ಲರೂ ಕೇಳುತ್ತಿದ್ದಾರೆ. ಬೇಡ ಎಂದರೆ ಪಾಪ ಎಂದು ಎದ್ದು ಹೋಗುತ್ತಾರೆ. ಬೇರೆಯವರ ಮೇಲೆ ಬೇಸರವಿಲ್ಲ. ನಿನಗೆ ಗೊತ್ತಿರುತ್ತದೆ ಎಂದುಕೊಂಡಿದ್ದೆ.

ಬಂದವನು ಮನೆಗೆ ಬಾ. ಬರುವ ವರ್ಷದ ಮಾತು ಕೇಳು. ನಾನು ಬೇಡ ಎನ್ನುತ್ತೇನೆ. ನೀನು ಕಾಫಿ ಲೋಟ ಕೆಳಗಿಟ್ಟು ಇನ್ನೊಂದು ಸಲ ಕೇಳು.