ತೊಟ್ಟಿಲು ಕಾಯುವವಳು

ಕಳಸ
8 ಫೆಬ್ರವರಿ 2026

ಪ್ರೀತಿಯ ಶಿಲ್ಪಾ,

ನಾನು ಕ್ಷೇಮ. ನೀನೂ ಹಾಗೇ ಇದ್ದೀಯೆಂದು ನಂಬಿದ್ದೇನೆ. ಉತ್ತರ ತಡವಾಯಿತೆಂದು ಬೈಯಬೇಡ ಮಾರಾಯ್ತಿ, ಮದುವೆ ಬ್ಲೌಸುಗಳ ರಾಶಿಯಲ್ಲಿ ಹೊಲಿಗೆ ಮೆಷಿನ್ನೂ ನಾನೂ ಹೂತುಹೋಗಿದ್ದೆವು. ಫೋನ್ ಮಾಡಬಹುದಿತ್ತು. ಆದರೆ ಈ ಸಂಗತಿ ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಕಾಗದ.

ನೀನು ಬರೆಯುತ್ತಿರುವ ಪುಸ್ತಕಕ್ಕೆಂದು ಹಳೆಯ ಜನಗಣತಿ ವರದಿಯಿಂದ ಆರಿಸಿ ಕಳಿಸಿದ ಕಸುಬುಗಳನ್ನು ಓದಿ ನಕ್ಕು ನಕ್ಕು ಸಾಕಾಯಿತು. ಕಿವಿ ಗುಗ್ಗೆ ತೆಗೆಯುವವರು, ಹಲ್ಲಿ ಶಕುನ ಹೇಳುವವರು! ಕೊನೆಗೆ, "ಕಾಫಿ ತೋಟದಲ್ಲಿ ತೊಟ್ಟಿಲು ಕಾಯುವವಳು ಅಂದರೆ ಯಾರೇ?" ಎಂದು ಕೇಳಿದ್ದೆ. ನನಗೂ ಗೊತ್ತಿರಲಿಲ್ಲ. ಅಕ್ಕನನ್ನು ಕೇಳಿದೆ. ನಾನು ಅಕ್ಕ ಅನ್ನುವುದು ನನ್ನನ್ನು ಹೆತ್ತವಳನ್ನೇ. ಅದಕ್ಕೆ ಹಾಸ್ಟೆಲಿನಲ್ಲಿ ನೀನೆಷ್ಟು ಗೇಲಿ ಮಾಡಿಲ್ಲ! ಚಿಕ್ಕಂದಿನಿಂದ ಹಾಗೇ ಕರೆಸಿಕೊಂಡಳು. ನನ್ನನ್ನು ಮಗಳೆನ್ನಲು ಅವಳಿಗೆ ನಾಚಿಕೆ ಎಂದೇ ತಿಳಿದು ಇಷ್ಟು ವರ್ಷ ಒಳಗೊಳಗೇ ಉರಿದಿದ್ದೇನೆ.

ಕಾಳುಮೆಣಸು ಬಿಡಿಸುತ್ತಾ ಕೂತಿದ್ದಳು. "ಅಯ್ಯೋ, ಅದು ನಾನೇ ಅಲ್ವೇನೇ!" ಎಂದಳು. ಅವಳು ಎಸ್ಟೇಟಿನಲ್ಲಿದ್ದಳೆಂದಷ್ಟೇ ನನಗೆ ಗೊತ್ತಿತ್ತು. ನಾನು ಬೆಳೆದದ್ದು ಇಲ್ಲಿ, ಅಜ್ಜಿಯ ಹತ್ತಿರ.

ಕೊಯ್ಲಿನ ಕಾಲದಲ್ಲಿ ಹೆಂಗಸರು ಹಸುಗೂಸುಗಳನ್ನು ಎತ್ತಿಕೊಂಡೇ ತೋಟಕ್ಕೆ ಬರುತ್ತಿದ್ದರಂತೆ. ಸಿಲ್ವರ್ ಮರಗಳ ನಡುವೆ ಸೀರೆಯ ತೊಟ್ಟಿಲು ಕಟ್ಟಿ ಎಲ್ಲವನ್ನೂ ಒಬ್ಬಳಿಗೆ ಒಪ್ಪಿಸಿ ಹಣ್ಣು ಕೊಯ್ಯಲು ಹೋಗುತ್ತಿದ್ದರಂತೆ. ಅಪ್ಪ ತೀರಿಕೊಂಡಾಗ ಅಕ್ಕ ಹಸಿ ಬಾಣಂತಿ. ಸೊಂಟ ಹಿಡಿದು ಬುಟ್ಟಿ ಹೊರಲಾಗದವಳಿಗೆ ಇದ್ದದ್ದು ಆ ಕೆಲಸ ಒಂದೇ. ಆದರೆ ಆ ಎಸ್ಟೇಟಿನಲ್ಲೊಂದು ಕಟ್ಟಳೆ: ತೊಟ್ಟಿಲು ಕಾಯುವವಳಿಗೆ ಸ್ವಂತ ಕೂಸು ಇರಕೂಡದು.

"ತನ್ನ ಮಗೀಗೆ ಮೊದ್ಲು ಹಾಲು ಕೊಡ್ತಾಳೆ, ಉಳಿದವು ಅತ್ಕೊಂಡಿರ್ತವೆ ಅಂತ ತೋಟದ ಲೆಕ್ಕ ಬರೆಯೋ ರೈಟ್ರು ಹೇಳ್ತಿದ್ರು. ನಂಗೆ ಮಕ್ಳಿಲ್ಲ ಅಂದ್ಬಿಟ್ಟೆ. ಭಾನುವಾರ ನಿಮ್ಮಜ್ಜಿ ನಿನ್ನನ್ನ ನಮ್ಮ ಕೂಲಿ ಲೈನ್ ಮನೆಗೆ ಕರ್ಕೊಂಡು ಬಂದಾಗ ತಂಗಿ ಅಂತಿದ್ದೆ. ನೀನು ಅಮ್ಮ ಅಂದಿದ್ರೆ ಕೆಲ್ಸ ಹೋಗ್ತಿತ್ತು."

ನನಗೆ ಸಿಟ್ಟೇ ಬಂತು. "ತೋಟ ಬಿಟ್ಟ ಮೇಲಾದ್ರೂ ಹೇಳ್ಬಹುದಿತ್ತಲ್ಲ?"

"ಅಷ್ಟೊತ್ತಿಗೆ ನೀನು ದೊಡ್ಡೋಳಾಗಿದ್ದೆ. ಅಮ್ಮ ಅನ್ನು ಅಂತ ಕೇಳಿ ಅನ್ನಿಸ್ಕೊಳ್ಳೋದು ಹೆಂಗೆ?" ಎಂದವಳೇ ಮತ್ತೆ ಮೆಣಸಿಗೆ ಕೈ ಹಾಕಿದಳು.

ಕಂಡವರ ಮಕ್ಕಳನ್ನೆಲ್ಲ ತೂಗಿದವಳು ನನ್ನೊಬ್ಬಳನ್ನು ತೂಗಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಯಿತು ಕಣೇ. ಆ ಮಕ್ಕಳಿಗೀಗ ಮೊಮ್ಮಕ್ಕಳಾಗಿರಬೇಕು, ಆದರೂ! ನಿನ್ನ ಪುಸ್ತಕದಲ್ಲಿ ಈ ಕಸುಬಿನ ವಿಷಯ ಬರೆಯುವಾಗ ಆ ಕಟ್ಟಳೆಯನ್ನೂ ಬರೆ. ಮುತ್ತಮ್ಮ ಎಂದು ಅವಳ ಹೆಸರನ್ನೂ ಹಾಕು.

ನಿನ್ನ ಮಂಡಿನೋವು ಬೇಗ ಬಿಟ್ಟುಹೋಗಲಿ. ದೇವರು ನಿನ್ನ ಕಣ್ಣನ್ನೂ ಕೈಯನ್ನೂ ಚೆನ್ನಾಗಿಟ್ಟಿರಲಿ, ಇನ್ನೂ ಬರೆಯುವುದಿದೆ.

ನಿನ್ನವಳೇ ಆದ,
ಪ್ರೇಮಲತಾ

ತಾ.ಕ.: ನಿನ್ನೆ ಅವಳು ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ಮನಸ್ಸು ಗಟ್ಟಿ ಮಾಡಿಕೊಂಡು ಬಾಗಿಲಲ್ಲಿ ನಿಂತು "ಅಮ್ಮಾ" ಎಂದೆ. ತಿರುಗಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದೆ. ಹರವುತ್ತಲೇ ಇದ್ದಳು. ಅವಳ ಕಿವಿ ಚುರುಕಾಗೇ ಇದೆ ಶಿಲ್ಪಾ. ಹತ್ತಿರ ಹೋಗಿ ಭುಜ ಮುಟ್ಟಿದರೆ, "ಯಾರೋ ಅವ್ರಮ್ಮನ್ನ ಕರೀತಿದಾರೆ ಅಂದ್ಕೊಂಡೆ" ಎಂದಳು.