ವಸಂತವಿಲ್ಲದ ವರ್ಷಕ್ಕೆ ಮದುವೆಯ ಕೆಂಪು ಪುಸ್ತಕ

ಪ್ರಾಂತ್ಯದ ಆರೋಗ್ಯ ಆಯೋಗದ ಮಾನ್ಯ ಮುಖ್ಯಸ್ಥರೇ,

ನನ್ನ ತಂಗಿಯ ಅಂಡಗಳನ್ನು ತೆಗೆದು ಶೈತ್ಯದಲ್ಲಿ ಉಳಿಸಿಕೊಳ್ಳಲು ಬಿಡಿ. ನನ್ನ ಅಂಡಗಳನ್ನು ಉಳಿಸುವ ಹೊತ್ತು ನಿಮ್ಮ ನಿಯಮದ ದಯೆಯಿಂದ ಮೀರಿಹೋಗಿದೆ.

ನಾನು ಚೂಝೌ ಊರಿನ ಪ್ರಾಥಮಿಕ ಶಾಲೆಯಲ್ಲಿ ಗಣಿತ ಕಲಿಸುವವಳು. ವಯಸ್ಸು ಮೂವತ್ತೊಂದು. ನಮ್ಮಮ್ಮನಿಗೆ ಮೂವತ್ತೈದು ತುಂಬುವ ಮೊದಲೇ ಮುಟ್ಟು ನಿಂತಿತ್ತು, ಅಜ್ಜಿಗೂ ಹಾಗೆಯೇ. ವರ್ಷದ ಆರಂಭದಲ್ಲಿ ನನ್ನದೂ ತಪ್ಪತೊಡಗಿದಾಗ ಡಾಕ್ಟರಮ್ಮ ರಕ್ತಪರೀಕ್ಷೆ ಮಾಡಿಸಿದರು. "ನೋಡಮ್ಮಾ, ಇದು ತಾಯಿ ಕಡೆಯಿಂದ ಇಳಿದು ಬಂದಿರೋ ವಂಶವಾಹಿ ದೋಷ. ವಯಸ್ಸಾದ ಹಾಗೆ ಎಲ್ಲಾ ಹೆಂಗಸರಿಗೂ ಅಂಡ ಕಡಿಮೆ ಆಗುತ್ತೆ, ಉಳಿದಿರೋದೂ ಕೆಡುತ್ತಾ ಹೋಗುತ್ತೆ. ನಿನಗೆ ಬೇಗನೇ ಮುಗಿದುಹೋಗ್ತಿದೆ. ಈಗಲೇ ತೆಗೆದಿಟ್ಟರೆ ಆಸೆ ಉಂಟು," ಎಂದರು.

ಅಂಡ ತೆಗೆದಿಡುವ ಆಸ್ಪತ್ರೆಗೆ ಹೋದರೆ ಕೌಂಟರಿನ ಹುಡುಗಿ ತಲೆಯನ್ನೂ ಎತ್ತಲಿಲ್ಲ. "ಮದುವೆ ನೋಂದಣಿಯ ಕೆಂಪು ಪುಸ್ತಕ ತಂದಿದೀರಾ? ಇಲ್ವಾ? ಮದುವೆ ಆಗಿ ಬನ್ನಿ ಅಕ್ಕಾ. ಇನ್ನೂ ಚಿಕ್ಕ ವಯಸ್ಸು, ಏನವಸರ?" ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗಂಡಸು ತನ್ನ ವೀರ್ಯ ತೆಗೆದಿಡಲು ಬಂದರೆ ನೀವು ಮದುವೆಯ ಮಾತೇ ಎತ್ತುವುದಿಲ್ಲ. ಅವನ ಮೇಲೆ ಅಷ್ಟು ನಂಬಿಕೆ, ನಮ್ಮ ಮೇಲೇಕೆ ಇಷ್ಟು ಅನುಮಾನ? ಮೂರು ಮಕ್ಕಳನ್ನು ಹೆರಿ ಎಂದು ಆಸ್ಪತ್ರೆಯ ಗೋಡೆಗೆ ಚಿತ್ರ ಅಂಟಿಸಿದವರೂ ನೀವೇ ಅಲ್ಲವೇ?

ನನಗೆ ಮದುವೆ ಗೊತ್ತಾಗಿತ್ತು. ನೋಂದಣಿ ಕಚೇರಿಯಲ್ಲಿ ಅದು ಒಂದು ಬೆಳಗಿನ ಕೆಲಸ. ಆದರೆ ಈ ಚಾಂದ್ರವರ್ಷದಲ್ಲಿ ವಸಂತಾರಂಭದ ದಿನವೇ ಬೀಳುವುದಿಲ್ಲ. ಇಂಥದ್ದು ವಿಧವೆ ವರ್ಷವಂತೆ, ಮದುವೆಯಾದರೆ ಗಂಡ ಸಾಯುತ್ತಾನಂತೆ. ಹುಡುಗ ಶೆನ್ ಬೋಯಿಯ ತಾಯಿ ಪಟ್ಟು ಬಿಡಲಿಲ್ಲ. "ನನ್ನ ಮಗನ್ನ ನುಂಗಿ ನೀರು ಕುಡೀಬೇಕು ಅಂತಿದೀಯೇನೇ? ಬರೋ ವರ್ಷದಲ್ಲಿ ವಸಂತಾರಂಭ ಎರಡೆರಡು ಸಲ ಬೀಳುತ್ತೆ, ಶುಭ ವರ್ಷ. ಕಾಯೋಕೆ ಏನು ರೋಗ ನಿಂಗೆ?"

ರೋಗವೇನೆಂದು ಹೇಳಿಬಿಟ್ಟೆ. ಖಾರದ ಬಾತುಕೋಳಿ ತಲೆ ಚೀಪುತ್ತಿದ್ದವರು ಅದನ್ನು ತಟ್ಟೆಗೆ ಹಾಕಿದರು. "ಬಂಜೆತನ ರಕ್ತದಲ್ಲೇ ಇಟ್ಕೊಂಡಿರೋ ಮನೆತನ," ಎಂದರು.

"ನಾನೇನು ಬಂಜೆ ಹೆತ್ತ ಮಗಳಾ?" ಎಂದೆ. ಬೋಯಿ ಅನ್ನದ ಬಟ್ಟಲಿನಿಂದ ಮುಖ ಎತ್ತಲಿಲ್ಲ. ಮದುವೆ ಮುರಿಯಿತು.

ಪಂಚಾಂಗ ಕಾಯಿ ಎಂದಿತು, ನಿಮ್ಮ ಕಾನೂನು ಮದುವೆಯಾಗಿ ಬಾ ಎಂದಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ನನ್ನ ಕೂಸು ಹುಟ್ಟಲೇ ಇಲ್ಲ. ಕಳೆದ ವಾರ ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಪರದೆಯನ್ನು ನನ್ನತ್ತ ತಿರುಗಿಸಲಿಲ್ಲ. "ತಡವಾಯ್ತು ಮಗಳೇ," ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ, ನಾಚಿಕೆಯೂ ಆಗಲಿಲ್ಲ.

ತಂಗಿ ಲಾನ್‌ಹೆಗೆ ಇಪ್ಪತ್ತನಾಲ್ಕು. ಅದೇ ದೋಷ ಅವಳಲ್ಲೂ ಇದೆ. ಅಂಡಗಳು ಇನ್ನೂ ಚೆನ್ನಾಗಿವೆ, ಗಂಡನಿಲ್ಲ. ಮೊನ್ನೆ, "ಅಕ್ಕಾ, ಗಲ್ಲಿಯ ಹಣ್ಣಿನಂಗಡಿಯವನನ್ನೇ ಕಟ್ಕೊಂಡ್ಬಿಡ್ಲಾ? ಪುಸ್ತಕವಾದ್ರೂ ಸಿಗುತ್ತೆ," ಎಂದು ನಕ್ಕಳು. ತಮಾಷೆ ಎಂದುಕೊಂಡೆ. ಇವತ್ತು ನೋಡಿದರೆ ಅವನನ್ನು ಒಪ್ಪಿಸಿಯೇ ಬಂದಿದ್ದಾಳೆ, ಶುಕ್ರವಾರ ನೋಂದಣಿಯಂತೆ. ಅವನ ಪೂರ್ತಿ ಹೆಸರು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ.

ನೀವು ಕಾಪಾಡುತ್ತಿರುವ ಕುಟುಂಬ ಇದೇ ಏನು? ಮದುವೆಯಾಗದ ಹೆಣ್ಣೂ ತನ್ನ ಅಂಡವನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳಬಹುದೆಂದು ಆದೇಶ ಹೊರಡಿಸಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಶುಕ್ರವಾರದೊಳಗೆ ಹೊರಡಿಸಿ.

ಇಂತಿ,
ಎರಡು ವಸಂತಗಳ ವರ್ಷಕ್ಕೆ ಬರಿ ಮಡಿಲಲ್ಲಿ ಕಾಲಿಡಲಿರುವ
ಯು ಲಾನ್‌ಚಿಯು